ಉಮರ್ಗಾದಲ್ಲಿ ಕೊಂಡ ಎರಡು ಪಕ್ಕಡ

ನಾನು ವೈರಿಂಗ್ ಕೆಲಸ ಕಲಿತದ್ದು ಉದಗೀರದ ತೊಗರಿ ಬ್ಯಾಳಿ ಗಿರಣಿಯಲ್ಲಿ, ಒಬ್ಬ ಮುಸಲ್ಮಾನ ಮಿಸ್ತ್ರಿಯ ಕೈಕೆಳಗೆ. ಅವರನ್ನು ನಾನು ಉಸ್ತಾದ ಎಂದು ಕರೆಯುತ್ತಿದ್ದೆ. ಅವರ ಬಲಗೈ ಹಾಳಾದದ್ದು ನನ್ನಿಂದ. ಇಷ್ಟು ವರ್ಷ ಇದನ್ನು ಯಾರ ಮುಂದೂ ಬಾಯಿ ಬಿಟ್ಟು ಹೇಳಿಲ್ಲ. ನನ್ನ ಹೆಂಡತಿಗೆ ಅರ್ಧ ಗೊತ್ತಿತ್ತು. ಉಳಿದರ್ಧವನ್ನು ಅವಳು ಕೇಳಲಿಲ್ಲ.

ನಮ್ಮದು ದೇವಣಿ ಹತ್ತಿರದ ಹಳ್ಳಿ. ಮನೆಯಲ್ಲಿ ಹೊಲ ಇತ್ತು, ಎತ್ತಿದ್ದವು, ಒಕ್ಕಲುತನಕ್ಕೆ ಅಣ್ಣ ಇದ್ದ. ನನಗೆ ನೇಗಿಲು ಹಿಡಿಯುವ ಮನಸ್ಸಿರಲಿಲ್ಲ. ಮದುವೆಯಾದ ಮರುವರ್ಷ ಉದಗೀರಕ್ಕೆ ಬಂದು ಗಿರಣಿ ಸೇರಿದೆ. ಗಿರಣಿ ನಮ್ಮವರದೇ, ಲಿಂಗವಂತರದು. ಇಬ್ಬರು ಅಣ್ಣತಮ್ಮಂದಿರು ಅದರ ಮಾಲಕರು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಗಿರಣಿಯ ಎಣ್ಣಿ ಎಂಜಿನ್ನಿಗೆ ಪಟ್ಟಾ ಹಾಕಿ ಒಂದು ಡೈನಮೋ ತಿರುಗಿಸುತ್ತಿದ್ದರು. ಆ ಡೈನಮೋ, ಅದರಿಂದ ಹೊರಡುವ ತಂತಿ, ಮೋಟಾರು, ದೀಪ, ಎಲ್ಲ ಉಸ್ತಾದರ ಸುಪರ್ದಿಯಲ್ಲಿದ್ದವು.

ಅವರು ಹರೆಯದಲ್ಲಿ ಹೈದರಾಬಾದಿನ ಬಿಜಲಿ ಕಾರಖಾನೆಯಲ್ಲಿ ದುಡಿದವರು. ಉದಗೀರಕ್ಕೆ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆದಾಗ ಹೆಂಡತಿ, ಮಗ, ಮಗಳನ್ನು ಕಟ್ಟಿಕೊಂಡು ಎಲ್ಲಿಗೋ ಹೋದರು. ನಾಲ್ಕೈದು ತಿಂಗಳ ಮೇಲೆ ಹೆಂಡತಿ ಮತ್ತು ಮಗಳ ಜೊತೆ ತಿರುಗಿ ಬಂದರು. ಮಗ ಬರಲಿಲ್ಲ. ಮಗ ಎಲ್ಲಿ ಎಂದು ಗಿರಣಿಯಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಸೇರಿದ್ದು ಅವರು ತಿರುಗಿ ಬಂದ ಮೇಲೆ. ನಾನೂ ಕೇಳಲಿಲ್ಲ. ಹಳೆಯ ಹಮಾಲರು ಹೇಳುತ್ತಿದ್ದರು, ಮೊದಲು ಸಾವಕಾರರು ಅವರನ್ನು ‘ಮಿಸ್ತ್ರಿಸಾಹೇಬ್ರ’ ಎಂದು ಕರೆಯುತ್ತಿದ್ದರಂತೆ. ನಾನು ಕೇಳಿದ್ದು ‘ಏ ಮಿಸ್ತ್ರಿ’ ಅಷ್ಟೇ. ದೊಡ್ಡ ಸಾವಕಾರರು ಅದನ್ನೂ ಮೆಲ್ಲಗೆ ಅನ್ನುತ್ತಿದ್ದರು. ಸಣ್ಣ ಸಾವಕಾರರು ಅಂಗಳದ ಆ ಕಡೆಯಿಂದ ಕೂಗುತ್ತಿದ್ದರು.

ಉಸ್ತಾದರು ಕೆಲಸ ಕಲಿಸುವ ರೀತಿ ಬೇರೆಯಿತ್ತು. ಮೊದಲ ಎರಡು ತಿಂಗಳು ನನಗೆ ತಂತಿ ಮುಟ್ಟಲು ಕೊಡಲಿಲ್ಲ. ಪಕ್ಕಡ, ಅಂದರೆ ತಂತಿ ಹಿಡಿಯುವ ಇಕ್ಕಳ, ಅದೊಂದನ್ನೇ ಕಲಿಸಿದರು. ಅವರದು ಹೈದರಾಬಾದಿನಿಂದ ತಂದ ಹಳೆಯ ವಿಲಾಯತಿ ಪಕ್ಕಡ. ಹಿಡಿಕೆಗಳ ಮೇಲೆ ದಪ್ಪ ಕರಿ ರಬ್ಬರಿನ ಗವಸಣಿ ಇತ್ತು.

“ಪಕ್ಕಡ ತೊಗೊಳ್ಳೋ ಮುಂದ ಏನು ನೋಡ್ತಿ?” ಎಂದು ಕೇಳಿದರು ಒಮ್ಮೆ.

“ಬಾಯಿ ನೋಡ್ತೀನ್ರಿ. ಚಂದ ಕಡೀತದೋ ಇಲ್ಲೋ ಅಂತ.”

“ಬಾಯಿ ತಂತಿಗಿ ಬೇಕು. ಗವಸಣಿ ನಿನಗ ಬೇಕು. ಮೊದಲ ನಿಂದು ನೋಡ್ಕೊ, ಆಮ್ಯಾಲ ತಂತೀದು.”

ಪಕ್ಕಡದ ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಬೇಕು, ಹಲ್ಲಿನ ನಡುವೆ ಬೆಳಕು ಕಾಣಬಾರದು. ಎರಡು ಹಿಡಿಕೆ ಕೂಡಿಸುವ ಗುಬ್ಬಿ ಅಲ್ಲಾಡಬಾರದು. ಗವಸಣಿ ಒಂದೇ ಎರಕದ್ದಿರಬೇಕು. ಎಲ್ಲಿಯೂ ಹೊಲಿಗೆಯಂಥ ಗೆರೆ ಇರಬಾರದು. ಮೇಲ್ತುದಿಗೆ ದಂಡೆ ಇರಬೇಕು, ಬೆರಳು ಜಾರಿ ಕಬ್ಬಿಣದ ಕಡೆ ಹೋಗದ ಹಾಗೆ. ಉಗುರಿನಿಂದ ಒತ್ತಿದರೆ ತಗ್ಗು ಬಿದ್ದು ತಿರುಗಿ ಮೇಲೇಳಬೇಕು. ಇದೆಲ್ಲ ಆದ ಮೇಲೆ ಕಡೆಯ ಪರೀಕ್ಷೆ. ಬಿಸಿನೀರಿನಲ್ಲಿ ಅದ್ದಿ ಗವಸಣಿಯನ್ನು ಜಗ್ಗಿ ತೆಗೆದು, ಅದರ ಬಾಯಿಗೆ ಬಾಯಿ ಹಚ್ಚಿ ಊದಬೇಕು. ಗಾಳಿ ಹೋಗದ ಹಾಗೆ ಬೆರಳಿನಿಂದ ಹಿಸುಕಿ ಹಿಡಿದು, ಗಲ್ಲದ ಹತ್ತಿರ ತಂದು ಮೆಲ್ಲಗೆ ಒತ್ತಬೇಕು. ಕಣ್ಣಿಗೆ ಕಾಣದ ತೂತಿದ್ದರೂ ಗಲ್ಲಕ್ಕೆ ಗಾಳಿ ಸೂಜಿಯಂತೆ ಚುಚ್ಚುತ್ತದೆ.

“ಗಾಳಿ ಹೊರಗ ಬರೋ ದಾರ್‍ಯಾಗ ಬಿಜಲಿ ಒಳಗ ಬರ್ತದ” ಎನ್ನುತ್ತಿದ್ದರು.

ಪಕ್ಕಡದಿಂದ ಮೊಳೆ ಹೊಡೆದರೆ ನನ್ನ ಕೈ ಮೇಲೆ ಏಟು ಬೀಳುತ್ತಿತ್ತು. ರಬ್ಬರಿಗೆ ಎಣ್ಣೆ ತಾಗಿಸಿದರೆ ಆ ದಿನ ಮಾತಾಡುತ್ತಿರಲಿಲ್ಲ. ಎಣ್ಣೆಗೆ ರಬ್ಬರು ಕೊಳೆಯುತ್ತದೆ. ಕೆಲಸಕ್ಕೆ ನಿಂತಾಗ ಕಾಲ ಕೆಳಗೆ ಒಣ ಹಲಗೆ, ಎಡಗೈ ಬೆನ್ನ ಹಿಂದೆ. ಮೇನ್ ಸ್ವಿಚ್ಚು ತೆಗೆದ ಮೇಲೂ ತಂತಿ ಜೀವಂತ ಇದೆ ಎಂದೇ ಹಿಡಿಯಬೇಕು. ಗವಸಣಿಯನ್ನು ನಂಬಿ ಚಾಲೂ ತಂತಿಗೆ ಹೋಗುವವನು ಮೂರ್ಖ, ಗವಸಣಿ ಇರುವುದು ತಪ್ಪು ಆದ ದಿನಕ್ಕೆ ಎಂದು ಅವರು ನೂರು ಸಲ ಹೇಳಿರಬೇಕು.

ಆದರೆ ಸಣ್ಣ ಸಾವಕಾರರಿಗೆ ಚಾಲೂ ತಂತಿಯ ಆಟ ಬೇಕಾಗುತ್ತಿತ್ತು. ಲಾತೂರಿನಿಂದಲೋ ಭಾಲ್ಕಿಯಿಂದಲೋ ವ್ಯಾಪಾರಿಗಳು ಬಂದರೆ ಉಸ್ತಾದರನ್ನು ಕರೆಸುತ್ತಿದ್ದರು. ಚಾಲೂ ತಂತಿಯನ್ನು ಪಕ್ಕಡದಿಂದ ಹಿಡಿದು ತೋರಿಸಬೇಕು, ಕಿಡಿ ಹಾರಿಸಬೇಕು. ಬಂದವರು ಹಿಂದೆ ಸರಿದು ನಗುತ್ತಿದ್ದರು. ಒಂದು ದಿನ ಸಣ್ಣ ಸಾವಕಾರರು ಅಂದರು, “ಏ ಮಿಸ್ತ್ರಿ, ಒಂದ ಕಡೀದು ರಬ್ಬರ್ ತೆಗದು ಹಿಡಿ ನೋಡೋಣ. ನಿಮ್ಮವರು ಗಟ್ಟಿ ಇರ್ತಾರಲ್ಲ.”

ಉಸ್ತಾದರು ಅಂದರು, “ಧಣ್ಯಾರ, ವಯಸ್ಸಾಗ್ಯದ. ಮಾಫ್ ಮಾಡ್ರಿ.”

“ವಯಸ್ಸಾದ್ರ ಕೆಲಸ ಬಿಡು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಉಸ್ತಾದರು ನನ್ನ ಕಡೆ ನೋಡಲಿಲ್ಲ. ಆದರೆ ನಕ್ಕದ್ದು ಕೇಳಿರಬೇಕು, ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ನನಗೆ ಅವರ ಮೇಲೆ ಸಿಟ್ಟಿರಲಿಲ್ಲ. ನನಗೆ ಬೇಕಾಗಿದ್ದದ್ದು ಅವರ ಮನೆ. ಗಿರಣಿಯ ಹಿಂದೆ ಮಿಸ್ತ್ರಿಗೆಂದು ಎರಡು ಖೋಲಿಗಳಿದ್ದವು. ತಗಡಿನ ಮಾಡು, ಮುಂದೆ ಸಣ್ಣ ಕಟ್ಟೆ, ಹಿಂದೆ ಮೋರಿ. ನಾನು ಚೀಲಗಳ ಗೋದಾಮಿನಲ್ಲಿ ಮಲಗುತ್ತಿದ್ದೆ. ನನ್ನ ಹೆಂಡತಿ ಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಅತ್ತಿಗೆಗೂ ಅವಳಿಗೂ ಒಲೆಯ ಮೇಲೆ ಜಗಳ. ಅಮಾಸೆಗೆ ಊರಿಗೆ ಹೋದರೆ ಅವಳದು ಒಂದೇ ಮಾತು. “ಎಂದು ಕರ್ಕೊಂಡು ಹೋಗ್ತೀರಿ?”

“ಮಿಸ್ತ್ರಿ ಜಾಗಾ ಸಿಗಲಿ” ಅನ್ನುತ್ತಿದ್ದೆ.

“ಆ ಮುದುಕ ಇನ್ನ ಎಷ್ಟ ದಿನ ಇರ್ತಾನ?” ಎಂದಳು ಒಂದು ಸಲ. ನಾನು ಅವಳನ್ನು ಬೈಯಲಿಲ್ಲ. ಅದೇ ಲೆಕ್ಕ ನನ್ನ ತಲೆಯಲ್ಲೂ ಇತ್ತು. ಉಸ್ತಾದರ ಕಣ್ಣಿಗೆ ಮೋತಿಬಿಂದಿನ ಪೊರೆ ಬಂದಿತ್ತು. ಫ್ಯೂಸಿನ ಸಣ್ಣ ತಂತಿಯನ್ನು ಈಗ ಹೆಬ್ಬೆರಳಿನಿಂದ ಮುಟ್ಟಿ ಗುರುತಿಸುತ್ತಿದ್ದರು. ಇದನ್ನು ಮೊದಲು ಕಂಡವನು ನಾನೇ, ಸಣ್ಣ ಸಾವಕಾರರಿಗೆ ಹೇಳಿದವನೂ ನಾನೇ.

“ನೀ ಒಬ್ಬನೇ ಸಂಭಾಳಸ್ತೀಯೇನ?” ಎಂದು ಕೇಳಿದರು ಅವರು.

“ಸಂಭಾಳಸ್ತೀನ್ರಿ.”

“ಉಮರ್ಗಾದ ಕೆಲಸ ಮುಗೀಲಿ. ಆಮ್ಯಾಲ ನೋಡೋಣ.”

ಉಮರ್ಗಾದಲ್ಲಿ ಸಾವಕಾರರು ಹತ್ತಿ ಬಿಡಿಸುವ ಹಳೆಯ ಜಿನ್ನಿಂಗ್ ಗಿರಣಿ ಒಂದನ್ನು ಕೊಂಡಿದ್ದರು. ಎಂಜಿನ್ ಇತ್ತು, ಡೈನಮೋ ಹೊಸದು ಬಂದಿತ್ತು. ವೈರಿಂಗಿಗೆ ನಾವಿಬ್ಬರೇ ಹೋದೆವು. ಬ್ಯಾಸಗಿ. ತಗಡಿನ ಶೆಡ್ಡಿನ ಒಳಗೆ ಹತ್ತು ಗಂಟೆಗೇ ಮೈ ಬೇಯುತ್ತಿತ್ತು. ನಾಲ್ಕನೆಯ ದಿನ ಉಸ್ತಾದರ ವಿಲಾಯತಿ ಪಕ್ಕಡದ ಗವಸಣಿ ಸೀಳಿತು. ಅದಕ್ಕೆ ಬಹಳ ವಯಸ್ಸಾಗಿತ್ತು. ನನ್ನ ಪಕ್ಕಡಕ್ಕೆ ಮೊದಲಿನಿಂದಲೂ ರಬ್ಬರು ಇರಲೇ ಇಲ್ಲ, ಬಟ್ಟೆ ಸುತ್ತಿಕೊಂಡಿದ್ದೆ. ಎರಡು ಹೊಸವು ತರಬೇಕೆಂದು ಉಸ್ತಾದರು ನನ್ನನ್ನು ಕಳಿಸಿದರು.

“ಊದಿ ನೋಡಿ ತೊಗೊ. ಒಂದs ಚಲೋದು ಸಿಕ್ಕರ ಒಂದs ತಾ. ಇಬ್ಬರೂ ಅದರಾಗs ಮಾಡೋಣ” ಎಂದರು.

ಸೋಲಾಪುರದ ರಸ್ತೆಯ ಮೇಲೆ, ಲಾರಿಗಳು ನಿಲ್ಲುವ ಕಡೆ, ಕಬ್ಬಿಣ ಸಾಮಾನಿನ ಅಂಗಡಿ ಇತ್ತು. ಅಂಗಡಿಯವರು ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯರು. ಗಲ್ಲೆಪೆಟ್ಟಿಗೆಯ ಕೆಳಗಿನ ಖಾನೆಯಿಂದ ನಾಲ್ಕು ಪಕ್ಕಡ ತೆಗೆದು ಗೋಣಿಯ ಮೇಲೆ ಇಟ್ಟರು. ನಾನು ಬೆಳಕಿಗೆ ಹಿಡಿದೆ, ಗುಬ್ಬಿ ಅಲ್ಲಾಡಿಸಿದೆ, ಉಗುರು ಒತ್ತಿದೆ. ಎರಡನ್ನು ಅಲ್ಲಿಯೇ ಬಿಟ್ಟೆ. ಉಳಿದ ಎರಡಕ್ಕೆ ಬಿಸಿನೀರು ಬೇಕು ಎಂದಾಗ ಅವರು ನಕ್ಕರು.

“ಬಾಣಂತಿಗಿ ಎರೀತೀರೇನ್ರಿ?”

ಆದರೂ ಪಕ್ಕದ ಚಹಾದವನಿಂದ ತರಿಸಿಕೊಟ್ಟರು. ಒಂದು ಪಕ್ಕಡದ ಗವಸಣಿ ಉಸ್ತಾದರ ಪಕ್ಕಡದ್ದರಂತೆಯೇ ಒಂದೇ ಎರಕದ್ದು. ಊದಿ ಗಲ್ಲಕ್ಕೆ ಹಿಡಿದೆ, ಏನೂ ತಾಗಲಿಲ್ಲ. ಇನ್ನೊಂದರದು ಸೈಕಲ್ ಟ್ಯೂಬು ಕತ್ತರಿಸಿ, ಸೊಲ್ಯೂಷನ್ ಹಚ್ಚಿ ಅಂಟಿಸಿ, ಮೇಲೆ ಕರಿ ಬಣ್ಣ ಬಳಿದದ್ದು. ಬಣ್ಣದ ಕೆಳಗೆ ಅಂಟು ಕೂಡಿದ ಕಡೆ ಕೂದಲೆಳೆಯ ಗೆರೆ ಇತ್ತು. ಊದಿದೆ. ಗಲ್ಲಕ್ಕೆ ಎರಡು ಕಡೆ ಗಾಳಿ ಚುಚ್ಚಿತು.

“ಇದು ಸೋರ್ತದ್ರಿ” ಎಂದೆ.

“ಎಂಟ ದಿನ ತಡೀರಿ. ಸೋಲಾಪುರದಿಂದ ಆ ಚಲೋದರಂಥಾವು ಮತ್ತೆರಡು ಬರ್ತಾವ.”

ಮರುದಿನ ಸಣ್ಣ ಸಾವಕಾರರು ಗಿರಾಕಿಗಳನ್ನು ಕರೆದುಕೊಂಡು ಬರುವವರಿದ್ದರು. ಒಂದೇ ಕೊಳ್ಳಬಹುದಿತ್ತು. ಉಸ್ತಾದರು ಹಾಗೇ ಹೇಳಿದ್ದರು. ಆದರೆ ಒಂದೇ ತಂದರೆ ಅದು ಅವರ ಕೈಯಲ್ಲಿರುತ್ತದೆ. ನಾನು ಮತ್ತೆ ಬಟ್ಟೆ ಸುತ್ತಿದ್ದನ್ನೇ ಹಿಡಿಯಬೇಕು, ಏಣಿ ಹಿಡಿದು ನಿಲ್ಲಬೇಕು. ಬರುವ ಗಿರಾಕಿಗಳ ಮುಂದೆ, ಸಣ್ಣ ಸಾವಕಾರರ ಮುಂದೆ, ನನ್ನ ಕೈಯಲ್ಲೂ ಹೊಸ ಪಕ್ಕಡ ಇರಬೇಕೆನಿಸಿತು. ಎರಡನ್ನೂ ಕಟ್ಟಿಸಿಕೊಂಡೆ. ಉಸ್ತಾದರಿಗೆ ಏನಾದರೂ ಆಗಲಿ ಎಂದು ಅಂದುಕೊಂಡಿರಲಿಲ್ಲ. ಆಗದಿರಲಿ ಎಂದೂ ಅಂದುಕೊಳ್ಳಲಿಲ್ಲ.

ಶೆಡ್ಡಿಗೆ ಬಂದು ಟ್ಯೂಬಿನದನ್ನು ಉಸ್ತಾದರ ಕೈಗೆ ಕೊಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಹೆಬ್ಬೆರಳಿನಿಂದ ಸವರಿದರು. ಬಣ್ಣ ದಪ್ಪಗಿತ್ತು.

“ಊದಿ ನೋಡಿದೇನು?”

“ನೋಡೀನ್ರಿ ಉಸ್ತಾದ.”

“ಎರಡೂ?”

“ಎರಡೂ.”

ಅವರು ತಲೆ ಅಲ್ಲಾಡಿಸಿ ಅದನ್ನು ಚೀಲದಲ್ಲಿ ಹಾಕಿಕೊಂಡರು. ತಾವೇ ಒಮ್ಮೆ ಊದಿ ನೋಡುವುದು ಅವರ ಪದ್ಧತಿ. ಆ ದಿನ ನೋಡಲಿಲ್ಲ. ನಾನು ಎರಡು ವರ್ಷ ಅವರ ಕೈಕೆಳಗೆ ಪಳಗಿದವನು.

ಮರುದಿನ ಹನ್ನೊಂದು ಗಂಟೆಗೆ ಸಣ್ಣ ಸಾವಕಾರರು ಬಂದರು, ಜೊತೆಗೆ ನಾಲ್ಕು ಮಂದಿ ಹತ್ತಿ ವ್ಯಾಪಾರಿಗಳು. ಎಂಜಿನ್ ಚಾಲೂ ಇತ್ತು, ದೀಪಗಳು ಹತ್ತಿದ್ದವು. ಶೆಡ್ಡಿನ ನಡುವಿನ ಕಬ್ಬಿಣದ ತೊಲೆಯ ಕೆಳಗೆ ಒಂದು ಜೋಡಣೆ ಸಡಿಲಾಗಿ ಕಿಡಿ ಬಿಡುತ್ತಿತ್ತು. ಹತ್ತಿಯ ಶೆಡ್ಡು; ಕಿಡಿ ಬೀಳುವುದು ಒಳ್ಳೆಯದಲ್ಲ. ಉಸ್ತಾದರು ಮೇನ್ ತೆಗೆಯಲು ಹೊರಟರು.

“ಎಲ್ಲಿ ಹೊಂಟಿ?” ಎಂದರು ಸಣ್ಣ ಸಾವಕಾರರು.

“ಮೇನ್ ತೆಗೀತೀನ್ರಿ. ಒಂದ ಗಳಿಗಿ ಕೆಲಸ.”

“ತೆಗೀಬ್ಯಾಡ. ಮಂದಿ ದೀಪ ನೋಡ್ಲಿಕ್ಕತ್ಯಾರ. ಹಾಂಗs ಮಾಡು.”

“ಚಾಲೂದಾಗ ಬ್ಯಾಡ್ರಿ ಧಣ್ಯಾರ.”

“ಹೊಸಾ ಪಕ್ಕಡ ಕೊಡಿಸೀನಿ, ಮತ್ತ ಹೆದರಿಕಿ ಏನದ? ಆಗೂದಿಲ್ಲಂದ್ರ ಹೇಳು, ಇಂವಾ ಏರ್ತಾನ” ಎಂದು ನನ್ನ ಕಡೆ ಕೈ ಮಾಡಿದರು.

ಉಸ್ತಾದರು ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿದಿತ್ತು. ನನಗೆ ಖೋಲಿ ಬೇಕಾದದ್ದು, ಅವರ ಕಣ್ಣಿನ ಸುದ್ದಿ ಸಾವಕಾರರಿಗೆ ಯಾರು ಹೇಳಿದರೆಂಬುದು. ಏಣಿಯ ಹತ್ತಿರ ಬಂದು ಚೀಲದಿಂದ ಪಕ್ಕಡ ತೆಗೆದರು. ಮೆಲ್ಲಗೆ, ನನಗಷ್ಟೇ ಕೇಳುವಂತೆ ಇನ್ನೊಮ್ಮೆ ಕೇಳಿದರು.

“ಇದು ಊದಿ ನೋಡಿದ್ದು ಹೌದಲ್ಲ?”

ಆಗಲೂ ಹೇಳಬಹುದಿತ್ತು. ನನ್ನ ಪಕ್ಕಡ ಸೊಂಟದಲ್ಲೇ ಇತ್ತು, ತೆಗೆದುಕೊಟ್ಟರೆ ಮುಗಿಯುತ್ತಿತ್ತು. ಯಾಕೆ ಬದಲಿಸುತ್ತಿ ಎಂದು ಅವರು ಕೇಳುತ್ತಿದ್ದರು. ನಿನ್ನೆ ಹೇಳಿದ್ದು ಸುಳ್ಳೆಂದು ಆ ಮಂದಿಯ ಮುಂದೆ ಒಪ್ಪಿಕೊಳ್ಳಬೇಕಾಗುತ್ತಿತ್ತು.

“ಹೌದ್ರಿ” ಎಂದೆ.

ಅವರು ಏರಿದರು. ನಾನು ಏಣಿ ಹಿಡಿದಿದ್ದೆ. ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಮೊಣಕೈಯಿಂದ ಬೆವರು ನನ್ನ ಮೇಲೆ ತೊಟ್ಟಿಕ್ಕುತ್ತಿತ್ತು. ಎಡಗೈ ಬೆನ್ನ ಹಿಂದೆಯೇ ಇಟ್ಟುಕೊಂಡು, ಬಲಗೈಯಿಂದ ಪಕ್ಕಡ ಚಾಚಿ ತಂತಿಯ ತುದಿ ತಿರುವಿದರು. ಎರಡು ಸುತ್ತು ಚೆನ್ನಾಗಿಯೇ ಆಯಿತು. ಅಷ್ಟರಲ್ಲಿ ಸಣ್ಣ ಸಾವಕಾರರು, “ಇಲ್ಲಿ ಬಾ, ಇವರಿಗಿ ಮೋಟಾರ್ ತೋರಿಸು” ಎಂದು ನನ್ನನ್ನು ಕರೆದರು. ನಾನು ಏಣಿ ಬಿಟ್ಟೆ. ನೆಲದ ಮೇಲೆ ಹತ್ತಿಕಾಳು ಚೆಲ್ಲಿತ್ತು. ಏಣಿ ಒಂದು ಗೇಣು ಜಾರಿತು. ಉಸ್ತಾದರ ಎಡಗೈ ತಾನಾಗಿಯೇ ಮೇಲೆ ಹೋಗಿ ಕಬ್ಬಿಣದ ತೊಲೆಯನ್ನು ಹಿಡಿಯಿತು.

ಅವರು ಕೂಗಲಿಲ್ಲ. ಗಂಟಲಿನಿಂದ ಒಂದು ಸಪ್ಪಳ ಬಂತು, ಅಷ್ಟೇ. ಬಲಗೈ ಪಕ್ಕಡವನ್ನು ಬಿಡಲಿಲ್ಲ, ಇನ್ನೂ ಬಿಗಿಯಾಗಿ ಹಿಡಿಯಿತು. ಮೈ ಹುರಿಯಂತೆ ಎಳೆದು ನಿಂತಿತು. ಮೇನ್ ನನ್ನಿಂದ ಹತ್ತು ಹೆಜ್ಜೆಯಲ್ಲಿತ್ತು. ನಾನು ಓಡಿದೆ. ಆದರೆ ಓಡುವ ಮೊದಲು ನಿಂತೆ. ಎಷ್ಟು ಹೊತ್ತು ಎಂದು ಹೇಳಲಾರೆ. ಎಂಜಿನ್ನಿನ ಹತ್ತಿರ ಇದ್ದ ಹಮಾಲನೊಬ್ಬ ನನ್ನನ್ನು ಬೈದು ಕೂಗುವ ತನಕ. ಮೇನ್ ತೆಗೆದೊಡನೆ ಅವರು ಚೀಲ ಬಿದ್ದಂತೆ ಬಿದ್ದರು. ಚರ್ಮ ಸುಟ್ಟ ವಾಸನೆ ಶೆಡ್ಡು ತುಂಬಿತ್ತು. ವ್ಯಾಪಾರಿಯೊಬ್ಬರು ಮೂಗು ಮುಚ್ಚಿಕೊಂಡು ಹೊರಗೆ ಹೋದರು.

“ಜೀವ ಅದ ಏನ?” ಎಂದು ಕೇಳಿದರು ಸಣ್ಣ ಸಾವಕಾರರು.

ಇತ್ತು. ಹಮಾಲರು ಅವರನ್ನು ಹಗ್ಗದ ಬಾಜಿನ ಮಂಚದ ಮೇಲೆ ಹಾಕಿಕೊಂಡು ಸರಕಾರಿ ದವಾಖಾನೆಗೆ ಹೊರಟರು. ಎಲ್ಲರೂ ಬಾಗಿಲ ಕಡೆ ಹೋದಾಗ ಶೆಡ್ಡಿನಲ್ಲಿ ನಾನೊಬ್ಬನೇ ಉಳಿದೆ. ಆಗ ನಾನು ಮಾಡಿದ್ದು ನನ್ನ ಜೀವನದಲ್ಲಿ ಪೂರ್ತಿ ಎಚ್ಚರದಿಂದ ಮಾಡಿದ ಕೆಲಸ. ಏಣಿಯ ಕೆಳಗೆ ಬಿದ್ದಿದ್ದ ಪಕ್ಕಡವನ್ನು ಎತ್ತಿಕೊಂಡೆ. ಅಂಟು ಕೂಡಿದ ಕಡೆ ರಬ್ಬರು ಕರಗಿ ಬಾಯಿ ಬಿಟ್ಟಿತ್ತು, ಅದಕ್ಕೆ ಅವರ ಬೆರಳಿನ ಚರ್ಮ ಹತ್ತಿತ್ತು. ಅದನ್ನು ಧೋತರದಲ್ಲಿ ಸಿಕ್ಕಿಸಿಕೊಂಡೆ. ನನ್ನ ಒಳ್ಳೆಯ ಪಕ್ಕಡವನ್ನು ಅದೇ ಜಾಗದಲ್ಲಿ ಇಟ್ಟೆ. ಜಿನ್ನಿಂಗಿನ ಹಿಂದೆ ಬಾವಿ ಇತ್ತು. ನೀರು ಆಳದಲ್ಲಿತ್ತು. ಸುಟ್ಟ ಪಕ್ಕಡ ಬಿದ್ದ ಸಪ್ಪಳ ಬರಲು ತಡವಾಯಿತು.

ಐದಾರು ದಿನಕ್ಕೆ ತಪಾಸಣೆಗೆ ಸರಕಾರದ ಸಾಹೇಬರೊಬ್ಬರು ಬಂದರು. ಪಕ್ಕಡವನ್ನು ನೋಡಿದರು, ಗವಸಣಿ ಜಗ್ಗಿ ನೋಡಿದರು. ಎಲ್ಲ ಸರಿ ಇತ್ತು. ನನ್ನನ್ನು ಕೇಳಿದರು, ಮೇನ್ ಯಾಕೆ ತೆಗೆಯಲಿಲ್ಲ ಎಂದು. ಸಣ್ಣ ಸಾವಕಾರರು ಪಕ್ಕದಲ್ಲೇ ಕುರ್ಚಿಯ ಮೇಲೆ ಕೂತಿದ್ದರು.

“ನಾ ತೆಗೀತೀನಂದೆ ಸಾಹೇಬ. ಅವರು ಬ್ಯಾಡಂದ್ರು. ಚಾಲೂದಾಗ ಮಾಡೂದು ಅವರಿಗಿ ರೂಢಿ. ಉದಗೀರದಾಗೂ ಮಂದೀಗಿ ತೋರಿಸ್ತಿದ್ರು.”

“ಕಣ್ಣು?”

“ಕಣ್ಣ ಕಾಣಂಗಿಲ್ಲರಿ. ಯಾರಿಗೂ ಹೇಳ್ತಿದ್ದಿಲ್ಲ.”

ಸಾಹೇಬರು ಬರೆದುಕೊಂಡರು. ಆಮೇಲೆ ದವಾಖಾನೆಗೆ ಹೋದೆವು. ಅಷ್ಟರಲ್ಲಿ ಉಸ್ತಾದರ ಬಲಗೈಯ ಎರಡು ಬೆರಳು ತೆಗೆದಿದ್ದರು. ಉಳಿದವು ಕೋಳಿ ಕಾಲಿನಂತೆ ಒಳಗೆ ಮುದುಡಿದ್ದವು. ಅವರ ಹೆಂಡತಿ ಉದಗೀರದಿಂದ ಬಂದು ಬಾಜಿನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಸಾಹೇಬರು ಉರ್ದುವಿನಲ್ಲಿ ಮಾತಾಡಿಸಿದರು. ಉಸ್ತಾದರು ಅದೇ ಭಾಷೆಯಲ್ಲಿ ಹೇಳಿದರು, ಹಿಡಿದಾಗ ಹೆಬ್ಬೆರಳಿಗೆ ಗೆರೆ ತಾಗಿತು, ಬೆವರಿಗೆ ಬಣ್ಣ ಬಿಟ್ಟಿತ್ತು, ಗವಸಣಿ ಜೋಡಿಸಿದ್ದು ಇರಬೇಕು ಎಂದು.

ಸಾಹೇಬರು ಪಕ್ಕಡವನ್ನು ಅವರ ಎಡಗೈಗೆ ಕೊಟ್ಟರು. “ಇದೇ ಅಲ್ಲವೇ?”

ಉಸ್ತಾದರು ಹೆಬ್ಬೆರಳಿನಿಂದ ಗವಸಣಿಯನ್ನು ಮೇಲಿಂದ ಕೆಳಗೆ ಸವರಿದರು. ಇನ್ನೊಂದು ಹಿಡಿಕೆಯನ್ನೂ ಸವರಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರ ಮುಖ ನಾನಿದ್ದ ಕಡೆ ತಿರುಗಿತು. ಸಾಹೇಬರ ಹಿಂದೆ ಸಣ್ಣ ಸಾವಕಾರರು ಕೆಮ್ಮಿದರು.

“ಇದೇ ಇರಬೇಕು ಸಾಹೇಬ” ಎಂದರು ಉಸ್ತಾದರು. “ನನಗ ಕಣ್ಣ ಸರಿ ಇಲ್ಲ.”

ತಪ್ಪು ಕೆಲಸಗಾರನದೇ ಎಂದು ಬರೆದು ಸಾಹೇಬರು ಹೋದರು. ಉಸ್ತಾದರಿಗೆ ಸಿಗಬೇಕಾದ ಪರಿಹಾರ ಏನೂ ಸಿಗಲಿಲ್ಲ. ನಾನು ಆ ದಿನ ದವಾಖಾನೆಯ ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತು, ಪಾರಾದೆ ಎಂದುಕೊಂಡೆ. ಮುದುಕ ನಿಜವಾಗಿಯೂ ಮೋಸ ಹೋದನೋ, ನನ್ನನ್ನು ಕಾಯ್ದನೋ ಎಂಬ ಸಂಶಯ ಇತ್ತು. ಕಾಯ್ದನೆಂದೇ ನಂಬಿದೆ. ಹಾಗೆ ನಂಬಿದರೆ ಊಟ ಇಳಿಯುತ್ತಿತ್ತು.

ಒಂದು ತಿಂಗಳಿಗೆ ನನಗೆ ಮಿಸ್ತ್ರಿಯ ಜಾಗ ಸಿಕ್ಕಿತು. ಖೋಲಿ ಬಿಡಲು ಉಸ್ತಾದರ ಮನೆಯವರಿಗೆ ಎಂಟು ದಿನ ಕೊಟ್ಟಿದ್ದರು. ನಾನು ಆರನೆಯ ದಿನವೇ ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದೆ. ಅತ್ತಿಗೆಯ ಜೊತೆ ಜಗಳ ಹೆಚ್ಚಾಗಿತ್ತು ಎಂಬುದೊಂದು ನೆಪ. ಉಸ್ತಾದರು ಇನ್ನೂ ದವಾಖಾನೆಯಲ್ಲಿದ್ದರು. ಅವರ ಹೆಂಡತಿ, ಮಗಳು ಸಾಮಾನು ಕಟ್ಟುತ್ತಿದ್ದರು. ಎರಡು ಪೆಟ್ಟಿಗೆ, ಒಂದು ಕೌದಿಯ ಗಂಟು, ತಾಮ್ರದ ಹಂಡೆ.

“ಇನ್ನೆರಡು ದಿನ ಅದಾವಲ್ಲ ಅಣ್ಣಾ?” ಎಂದರು ಅವರ ಹೆಂಡತಿ. ನನ್ನನ್ನು ಅವರು ಅಣ್ಣಾ ಎಂದೇ ಕರೆಯುತ್ತಿದ್ದರು.

“ಗಾಡಿ ಬಂದದ್ರಿ. ತಿರುಗಿ ಕಳಸಾಕ ಬರೂದಿಲ್ಲ” ಎಂದೆ.

ಅವರು ಸಾಮಾನು ಕಟ್ಟೆಗೆ ತಂದು ಇಟ್ಟರು. ಒಳಗೆ ಹೋಗಿ ನೆಲ ಗುಡಿಸಿ, ನೀರು ಹಾಕಿ ಒರೆಸಿ ಬಂದರು. ಬಿಡುವ ಮನೆಯನ್ನು ಹೊಲಸು ಬಿಡಬಾರದೆಂದು. ಅವರು ಹೊಸ್ತಿಲು ದಾಟಿದ್ದೇ ತಡ, ನನ್ನ ಹೆಂಡತಿ ಚರಿಗೆಯಲ್ಲಿ ಗೋಮೂತ್ರ ತೆಗೆದುಕೊಂಡು ಒಳಗೆ ಹೋಗಿ ಮೂಲೆ ಮೂಲೆಗೆ ಚಿಮುಕಿಸಿದಳು. ಅವರು ಒರೆಸಿದ ನೆಲ ಇನ್ನೂ ಹಸಿಯಾಗಿತ್ತು. ಅದರ ಮೇಲೆ ಸಗಣಿ ಕಲಸಿ ಸಾರಿಸತೊಡಗಿದಳು. ಆ ತಾಯಿ ಮಗಳು ತಮ್ಮ ಗಾಡಿಗಾಗಿ ಕಾಯುತ್ತ ಕಟ್ಟೆಯ ಕೆಳಗೆ ಬಿಸಿಲಲ್ಲಿ ನಿಂತು ನೋಡುತ್ತಿದ್ದರು. ಬಾಗಿಲು ಮುಚ್ಚಿ ಮಾಡು ಎಂದು ನಾನು ಹೆಂಡತಿಗೆ ಹೇಳಬಹುದಿತ್ತು. ಲಿಂಗದ ಗೂಡು ಯಾವ ಗೋಡೆಗೆ ಮಾಡೋಣ ಎಂದು ಅವಳು ಕೇಳಿದಳು. ನಾನು ಒಳಗೆ ಹೋಗಿ ತೋರಿಸಿದೆ.

ಆ ಎರಡು ಖೋಲಿಯಲ್ಲಿ ನನಗೆ ಮೂರು ಮಕ್ಕಳಾದವು. ಕೆಲಸದಲ್ಲಿ ಹೆಸರು ಬಂತು. ಸಣ್ಣ ಸಾವಕಾರರು ನನಗೆ ಚಾಲೂ ತಂತಿಯ ಆಟ ಆಡಿಸಲಿಲ್ಲ. ನನ್ನನ್ನು ‘ಮಿಸ್ತ್ರಿಯವರ’ ಎಂದು ಕರೆಯುತ್ತಿದ್ದರು. ಉದಗೀರ ಬೀದರ ಜಿಲ್ಲೆಯಿಂದ ಹರಿದು ಮುಂಬಯಿ ರಾಜ್ಯಕ್ಕೆ ಹೋಯಿತು, ಕಚೇರಿಯ ಬೋರ್ಡುಗಳು ಬದಲಾದವು. ನನ್ನ ಕೆಲಸ ಬದಲಾಗಲಿಲ್ಲ.

ಮಹಾರಾಷ್ಟ್ರ ಆಗುವ ಮುಂಚಿನ ವರ್ಷ ನಿಲಂಗಾದಲ್ಲಿ ಒಂದು ಎಣ್ಣೆ ಗಾಣದ ವೈರಿಂಗಿಗೆ ನನ್ನನ್ನು ಕರೆಸಿದ್ದರು. ಅಲ್ಲಿ ಮಾತಿಗೆ ಮಾತು ಬಂದು, ಕೈ ಹೋದ ಹಳೆಯ ಮಿಸ್ತ್ರಿಯೊಬ್ಬ ದರ್ಜಿಯ ಓಣಿಯಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದು ಯಾರೋ ಅಂದರು. ಕೆಲಸ ಮುಗಿದ ಮೇಲೆ ಹೋದೆ. ಯಾಕೆ ಹೋದೆನೆಂದು ಕೇಳಿದರೆ, ಅವರು ಒಂದು ಒಳ್ಳೆಯ ಮಾತು ಆಡಿಯಾರು ಎಂಬ ಆಸೆಯಿಂದ.

ಮಗಳು ಬಾಗಿಲಿಗೆ ಬಂದಳು. ಅವಳ ಗಂಡ ಹೊರಗಿನ ಖೋಲಿಯಲ್ಲಿ ಮಶಿನ್ ತುಳಿಯುತ್ತಿದ್ದ. ಅವಳಿಗೆ ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಹತ್ತಿದ ಮೇಲೆ ಮುಖದಲ್ಲಿ ಏನೂ ಬದಲಾಗಲಿಲ್ಲ. “ಅಬ್ಬಾ ಒಳಗ ಅದಾರ, ಬರ್ರಿ” ಎಂದಳು.

ಉಸ್ತಾದರು ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಪೂರ್ತಿ ಹೋಗಿದ್ದವು. ನನ್ನ ದನಿ ಕೇಳಿ, “ಯಾವಾಗ ಬಂದಿ?” ಎಂದರು, ನಿನ್ನೆ ಬಿಟ್ಟು ಹೋದವನನ್ನು ಕೇಳಿದಂತೆ. ಮಕ್ಕಳೆಷ್ಟು ಎಂದು ಕೇಳಿದರು. ತಮ್ಮ ಹೆಂಡತಿ ಎರಡು ವರ್ಷದ ಹಿಂದೆ ತೀರಿದ್ದನ್ನು ಹೇಳಿದರು. ಮುದುಡಿದ ಬಲಗೈ ತೊಡೆಯ ಮೇಲಿತ್ತು. ನಾನು ಅದನ್ನು ಬಿಟ್ಟು ಬೇರೆ ಎಲ್ಲ ಕಡೆ ನೋಡುತ್ತಿದ್ದೆ.

ಕಡೆಗೆ ಅಂದೆ, “ಉಸ್ತಾದ, ಆ ದಿನ ಸಾಹೇಬರ ಮುಂದ ನೀವು ನನ್ನ ಉಳಿಸಿದ್ರಿ.”

“ನಿನ್ನ ಉಳಿಸಾಕ ಹೇಳಲಿಲ್ಲ” ಎಂದರು ಅವರು. “ಅದು ಬ್ಯಾರೆ ಪಕ್ಕಡ ಅಂತ ಮುಟ್ಟಿದ ಕೂಡ್ಲೇ ತಿಳೀತು. ಹೇಳಿದ್ರ ಯಾರು ನಂಬತಿದ್ರು? ನೀ ಒಂದ ಕಡೆ, ಸಾವಕಾರ ಒಂದ ಕಡೆ. ನನ್ನ ಮಗನ್ನ ಕೊಂದವರ ಹೆಸರು ಹೇಳಿದಾಗೂ ಯಾರೂ ನಂಬಲಿಲ್ಲ. ಸುಳ್ಳ ಹೇಳ್ತಾನ ಅಂತ ಇನ್ನೊಮ್ಮೆ ಅನ್ನಿಸಿಕೊಳ್ಳಾಕ ಮನಸ್ಸ ಇದ್ದಿಲ್ಲ. ಅಷ್ಟs.”

ಹೊರಗೆ ಮಶಿನ್ ಓಡುತ್ತಿತ್ತು.

ಮಗಳು ಒಳಗಿನಿಂದ ತಂಬಿಗೆ ತಂದು, ಕೊಡಲೋ ಬೇಡವೋ ಎಂದು ನಿಂತಳು. ಆ ಕಾಲದಲ್ಲಿ ನಾವು ಅವರ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ನಾನು ಕೈ ಚಾಚಿದೆ. “ಕೊಡವ್ವಾ, ಕುಡೀತೀನಿ” ಎಂದೆ.

“ಕೊಡಬ್ಯಾಡ” ಎಂದರು ಉಸ್ತಾದರು.

ಮಗಳು ತಂಬಿಗೆ ಹಿಡಿದು ನಿಂತಲ್ಲೇ ನಿಂತಳು.

“ನೀ ಇಲ್ಲಿ ನೀರ ಕುಡದು ಹೋದ್ರ ನಿನ್ನ ಎದಿ ಹಗರ ಆಗ್ತದ” ಎಂದರು ಅವರು. ಸಿಟ್ಟಿಲ್ಲದ ದನಿ. “ಊರಿಗಿ ಹೋಗಿ, ನಾ ಅವರ ಮನ್ಯಾಗ ನೀರ ಕುಡದು ಬಂದೆ ಅಂತ ಅಂದ್ಕೊತಿ. ಅದು ನನಗ ಬ್ಯಾಡ. ಹಾಂಗs ಹೋಗು.”

ಮಗಳು ತಂಬಿಗೆಯನ್ನು ಒಳಗೆ ಒಯ್ದಳು. ನಾನು ಎದ್ದೆ. ಅವರ ಕಾಲು ಮುಟ್ಟಲು ಬಗ್ಗಿದೆ. ಬಗ್ಗಿದ ಸಪ್ಪಳಕ್ಕೆ ಅವರು ಕಾಲು ಎಳೆದುಕೊಂಡು ತೊಡೆಯ ಕೆಳಗೆ ಮಡಚಿಕೊಂಡರು. ಹೊರಗೆ ಬಂದೆ. ದರ್ಜಿ ಮಶಿನ್ ನಿಲ್ಲಿಸಿ, ಚಹಾ ತರಿಸಲೇ ಎಂದು ಕೇಳಿದ. ಬಸ್ಸಿಗೆ ಹೊತ್ತಾಯಿತು ಎಂದೆ. ಹೊತ್ತಾಗಿರಲಿಲ್ಲ. ನಿಲ್ದಾಣದಲ್ಲಿ ಎರಡು ತಾಸು ಕೂತೆ.

ಮುಂದಿನ ಬ್ಯಾಸಗಿಯಲ್ಲಿ ಉಸ್ತಾದರು ತೀರಿಕೊಂಡರೆಂದು ಆ ಎಣ್ಣೆ ಗಾಣದವರು ಗಿರಣಿಗೆ ಬಂದಾಗ ಹೇಳಿದರು. ಮಣ್ಣಾಗಿ ಹತ್ತು ದಿನವಾಗಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ, ಗಾಣದವರ ಜೊತೆ ಯಾರ ಸುದ್ದಿ ನಡೆದಿತ್ತು ಎಂದು ಕೇಳಿದಳು.

“ಇಲ್ಲಿ ಮೊದಲ ಇದ್ದ ಮಿಸ್ತ್ರೀದು” ಎಂದೆ.

ಅವಳು ಇನ್ನೊಂದು ಜೋಳದ ರೊಟ್ಟಿ ಹಾಕಿದಳು. ನಾನು ಉಂಡೆ.